ಸಿಳ್ಳಕ್ಕನ ಎರಡನೇ ದೊಡ್ಡಿ

ತಿಥಿಯೆಲ್ಲ ಮುಗಿದು, ಬಂದಿದ್ದ ನೆಂಟರು ಪಾತ್ರೆಗಳನ್ನು ತೊಳೆದಿಟ್ಟು ಹೊರಟುಹೋದ ಮೇಲಿನ ಮೊದಲ ಸಾಮಾನ್ಯ ಬೆಳಗು. ನಾಲ್ಕೂವರೆ ಗಂಟೆ. ಮುಂಬಾಗಿಲ ಹತ್ತಿರ ಉಗುರುಗಳ ಸದ್ದು. ದೀಪ ಹಾಕಿದರೆ ನಾಯಿ ಬಾಗಿಲಿಗೆ ಮುಖ ಮಾಡಿ ಕೂತಿದೆ. ಬೊಗಳುತ್ತಿಲ್ಲ, ಕೆರೆಯುತ್ತಿಲ್ಲ. ಮೊಳೆಗೆ ತೂಗುಹಾಕಿದ ಹಗ್ಗವನ್ನು ಒಮ್ಮೆ ನೋಡುತ್ತದೆ, ನನ್ನನ್ನು ಒಮ್ಮೆ ನೋಡುತ್ತದೆ. ಎಂಟು ತಿಂಗಳಿಂದ ದಿನಾ ಈ ಹೊತ್ತಿಗೆ ನನ್ನ ಗಂಡ ಅದನ್ನು ಕರೆದುಕೊಂಡು ಹೋಗುತ್ತಿದ್ದ. ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಒಮ್ಮೆಯೂ ಜೊತೆಗೆ ಹೋಗಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ನಿದ್ದೆ ಮುಖ್ಯವಾಗಿತ್ತು.

ನಾಯಿ ನಮ್ಮದಲ್ಲ, ಎರವಲು ತಂದದ್ದು. ಹಗ್ಗ ಹಾಕಿದೆ. ದಾರಿಯನ್ನು ಅದೇ ತೋರಿಸಿತು.

ಊರಿನ ಅಂಚಿನಲ್ಲಿ ಕುರಿ ಮಾರುಕಟ್ಟೆ, ಅದರ ಹಿಂದೆ ತಗಡಿನ ಒಂದು ಶೆಡ್ಡು, ಶೆಡ್ಡಿನಾಚೆ ಮೂರು ಎಕರೆ ಹುಲ್ಲು. ಇನ್ನೂ ಪೂರ್ತಿ ಬೆಳಕಾಗಿಲ್ಲ. ನೆಲದಿಂದ ಮೊಣಕಾಲೆತ್ತರಕ್ಕೆ ಮಂಜು ನಿಂತಿದೆ. ದೂರದಲ್ಲಿ ಕುರಿಗಳಿಗೆ ಕಾಲುಗಳಿಲ್ಲ, ಬರಿಯ ಬೆನ್ನುಗಳು ಮಂಜಿನ ಮೇಲೆ ತೇಲಿಕೊಂಡು ಬರುತ್ತಿವೆ. ಅವುಗಳ ಹಿಂದೆ ಕಪ್ಪಗಿನದೊಂದು ಎಡಕ್ಕೂ ಬಲಕ್ಕೂ ಸದ್ದಿಲ್ಲದೆ ಜಾರುತ್ತಿದೆ. ಹೊಲದ ನಡುವೆ ಒಬ್ಬ ಹೆಂಗಸು ಕಂಬದ ಹಾಗೆ ನಿಂತಿದ್ದಾರೆ. ಅವರ ಬಾಯಿಂದ ತೆಳ್ಳನೆಯ ಸಿಳ್ಳೆ ಹೊರಟಾಗಲೆಲ್ಲ ಆ ಕಪ್ಪು ನಿಲ್ಲುತ್ತದೆ, ತಿರುಗುತ್ತದೆ, ಮತ್ತೆ ಜಾರುತ್ತದೆ. ಕುರಿಗಳು ಬಂದು ಅವರ ಮುಂದೆ ನಿಂತ ಮೇಲೆ ಅವರು ಮೆಲ್ಲಗೆ ‘ಆಯ್ತು’ ಎನ್ನುತ್ತಾರೆ. ತಲೆಯ ಮೇಲಿನ ಮೂಟೆ ಇಳಿಸಿದವರ ಹಾಗೆ ನಾಯಿಯ ಮೈ ಸಡಿಲವಾಗುತ್ತದೆ.

ಐವತ್ತೆಂಟು ವರ್ಷದ ಇವರನ್ನು ಮಾರುಕಟ್ಟೆಯ ಸುತ್ತಮುತ್ತ ಎಲ್ಲರೂ ಸಿಳ್ಳಕ್ಕ ಎನ್ನುತ್ತಾರೆ. ಕುರಿ ಕಾಯುವ ನಾಯಿಗಳನ್ನು ಸಾಕಿ, ಪಳಗಿಸಿ, ಕುರಿ ಸಾಕುವವರಿಗೆ ಕೊಡುವುದು ಇವರ ಕೆಲಸ. ವರ್ಷಕ್ಕೆ ಎರಡು ಮೂರು ಸಲ ಕುರಿ ನಾಯಿಗಳ ಪಂದ್ಯಗಳಿಗೂ ಹೋಗುತ್ತಾರೆ.

ಅಂದು ಅವರು ನನ್ನ ಪಕ್ಕದ ನಾಯಿಯ ಕಡೆ ನೋಡಿ, “ಮೇಷ್ಟ್ರು ಬಂದ್ರಾ” ಎಂದರು, ಅಷ್ಟೆ.

ನಾಯಿಯ ಹೆಸರೇ ಮೇಷ್ಟ್ರು. ಆ ಹೆಸರಿಗೆ ಕಾರಣವಿದೆ. ಕುರಿ ನಾಯಿ ನಡೆಸುವುದನ್ನು ಕಲಿಯಬೇಕೆಂದು ಬಂದ ಯಾರಿಗೂ ಸಿಳ್ಳಕ್ಕ ಎಳೆ ನಾಯಿ ಕೊಡುವುದಿಲ್ಲ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಕಲಿಸುವವರು ಯಾರು ಎಂಬುದು ಅವರ ಪ್ರಶ್ನೆ. ಹೊಸಬರಿಗೆ ಮೊದಲು ಹತ್ತು ವರ್ಷದ ಈ ಹಳೆಯ ನಾಯಿಯನ್ನು ಎರವಲು ಕೊಡುತ್ತಾರೆ. ಕೆಲವು ತಿಂಗಳು ಅದು ಕಲಿಯುವವರ ಮನೆಯಲ್ಲೇ ಮಲಗಬೇಕು, ಅವರ ಕೈಯಿಂದಲೇ ತಿನ್ನಬೇಕು, ದಿನಾ ಬೆಳಿಗ್ಗೆ ಅವರ ಜೊತೆ ಇಲ್ಲಿಗೆ ಬರಬೇಕು. ಈವರೆಗೆ ಹನ್ನೊಂದು ಮನೆಗಳಿಗೆ ಹೋಗಿ ಹನ್ನೊಂದು ಮಂದಿಗೆ ಪಾಠ ಹೇಳಿ ಬಂದಿದೆ. ಹಾಗಾಗಿ ಇಲ್ಲಿ ಅದಕ್ಕೆ ಬಹುವಚನ. ಮೇಷ್ಟ್ರು ಉಂಡರು, ಮೇಷ್ಟ್ರು ಮಲಗಿದರು. ನಾನೂ ಹಾಗೆಯೇ ಬರೆಯುತ್ತೇನೆ. ಬೇರೆ ಥರ ಬರೆಯಲು ಈಗ ಬರುವುದಿಲ್ಲ.

ಹನ್ನೆರಡನೆಯ ಮನೆ ನಮ್ಮದು. ನನ್ನ ಗಂಡ ಲಿಫ್ಟುಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದ. ಹಗಲೆಲ್ಲ ಕತ್ತಲ ಕೊಳವೆಗಳಲ್ಲಿ ಮೇಲೆ ಕೆಳಗೆ ಓಡಾಡುವವನಿಗೆ ಒಂದು ದಿನ ಬಯಲು ಬೇಕೆನಿಸಿತು. ಹೊಸಬರ ಪಂದ್ಯದಲ್ಲಿ ಒಮ್ಮೆ ನಿಲ್ಲಬೇಕೆಂಬ ಆಸೆಯಿತ್ತು. ಮೂವತ್ತಾರನೆಯ ವಯಸ್ಸಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಇರಲಿಲ್ಲ.

ಸಿಳ್ಳಕ್ಕ ಹಗ್ಗ ಬಿಚ್ಚಿ, ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು “ಸುತ್ತು” ಎಂದರು. ಇಲ್ಲಿ ಮುಖ್ಯವಾದ ಮಾತುಗಳು ಕೆಲವೇ. ‘ಸುತ್ತು’ ಎಂದರೆ ಗಡಿಯಾರದ ಮುಳ್ಳಿನಂತೆ, ಎಡಗಡೆಯಿಂದ ಹೊರಟು ಕುರಿಗಳನ್ನು ಬಳಸಬೇಕು. ‘ಆಚೆ’ ಎಂದರೆ ಅದಕ್ಕೆ ತಿರುಗಾಮುರುಗಾ, ಬಲಗಡೆಯಿಂದ. ‘ಕೂರು’, ‘ನಡಿ’ ನಮಗೆ ಗೊತ್ತಿರುವವೇ. ಕೆಲಸ ಮುಗಿದರೆ ‘ಆಯ್ತು’. ಮೇಷ್ಟ್ರು ಹೊರಟರು. ಬಲಕ್ಕೆ.

ಸಿಳ್ಳಕ್ಕ ಅವರನ್ನು ವಾಪಸ್ಸು ಕರೆದು “ಆಚೆ” ಎಂದರು. ಮೇಷ್ಟ್ರು ಎಡಕ್ಕೆ ಹೊರಟರು.

ಅವರು ನಕ್ಕರು. ಜೋರಾಗಿ ಅಲ್ಲ. “ನಿಮ್ಮ ಯಜಮಾನ್ರದು ಇದು” ಎಂದರು. “ಮೇಲೆ ಕೆಳಗೆ ಬಿಟ್ಟು ಬೇರೆ ದಿಕ್ಕೇ ಗೊತ್ತಿರ್ಲಿಲ್ಲ ಪುಣ್ಯಾತ್ಮಂಗೆ. ವಾಚು ನೋಡ್ಕೊಂಡು ಹೇಳಿ, ಮುಳ್ಳು ತಿರುಗೋ ಕಡೆ ಸುತ್ತು ಅಂದೆ. ಅವರ ವಾಚಲ್ಲಿ ಮುಳ್ಳೇ ಇರ್ಲಿಲ್ಲ, ಬರೀ ಅಂಕಿ.”

ಏನಾಗಿದೆಯೆಂದು ಅವರು ಬಿಡಿಸಿ ಹೇಳಿದರು. ನಾಯಿ ಬಾಯಿಮಾತಿಗಿಂತ ಮೈಮಾತನ್ನು ಮೊದಲು ಓದುತ್ತದೆ. ನನ್ನ ಗಂಡ ಬಾಯಲ್ಲಿ ‘ಆಚೆ’ ಎನ್ನುತ್ತ ಮೈಯನ್ನು ಎಡಕ್ಕೆ ತಿರುಗಿಸುತ್ತಿದ್ದನಂತೆ. ಮೇಷ್ಟ್ರು ಅವನು ಹೇಳಿದ್ದನ್ನು ಬಿಟ್ಟು ಅವನಿಗೆ ಬೇಕಾದದ್ದನ್ನು ಮಾಡಿದರು. ಎಂಟು ತಿಂಗಳಲ್ಲಿ ತಪ್ಪು ಮಾತೇ ಅವರ ಕಿವಿಗೆ ಸರಿಯಾಗಿ ಕೂತುಬಿಟ್ಟಿತು. ಸಿಳ್ಳೆಯ ಸನ್ನೆಗಳು ಮಾತ್ರ ಕೆಟ್ಟಿಲ್ಲ. ಅವನಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ.

ನನಗೆ ಅಡುಗೆಮನೆಯ ಮೇಜು ನೆನಪಾಯಿತು. ರಾತ್ರಿ ಊಟವಾದ ಮೇಲೆ ಆರು ಬಟಾಣಿ ಕಾಳುಗಳನ್ನು ಕುರಿಗಳೆಂದು ಇಟ್ಟುಕೊಂಡು, ಉಪ್ಪಿನ ಡಬ್ಬಿಯನ್ನು ನಾಯಿಯೆಂದು ಸರಿಸುತ್ತ ಅಭ್ಯಾಸ ಮಾಡುತ್ತಿದ್ದ. ಉಲ್ಟಾ ಹೇಳ್ತಿದೀಯ ಎಂದು ನಾನು ಒಮ್ಮೆ ತಿದ್ದಿದ್ದೆ. ಅವನು ತಿದ್ದಿಕೊಳ್ಳಲಿಲ್ಲ.

ಮೇಷ್ಟ್ರನ್ನು ಬಿಟ್ಟುಹೋಗಲೇ ಎಂದು ಅಂದೇ ಕೇಳಬೇಕಿತ್ತು. ಕೇಳಲಿಲ್ಲ. ಅವರೂ ಕೇಳಲಿಲ್ಲ. “ಇರ್ಲಿ ಬಿಡಮ್ಮ. ಬೆಳಿಗ್ಗೆ ಕರ್ಕೊಂಡು ಬಾ, ಸಾಕು” ಎಂದರು. ಮೊದಲ ದಿನವೇ ನಾನು ‘ನೀವು’ ಇಂದ ‘ನೀನು’ ಆಗಿದ್ದೆ. ಮೂರು ವಾರ ದಿನಾ ಹೋದೆ. ಬರೆಯಲೆಂದು ಹೋದದ್ದಲ್ಲ.

ಸಿಳ್ಳಕ್ಕ ಏಳುವುದು ಮೂರೂ ಮುಕ್ಕಾಲಿಗೆ. ಕೈಯಲ್ಲಿ ಐದು ನಾಯಿಗಳಿವೆ. ಎರಡು ತಮ್ಮವು, ಮೂರು ಬೇರೆಯವರು ಕಲಿಸಲು ಬಿಟ್ಟವು. ಕುರಿಗಳು ನಲವತ್ತಾರು. ಒಂದೊಂದು ನಾಯಿಗೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷದ ಪಾಠ. ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. “ಹತ್ತು ನಿಮಿಷ ಆದ್ಮೇಲೆ ನಾಯಿ ಕಲಿಯಲ್ಲ, ಸಹಿಸ್ಕೊಳ್ಳುತ್ತೆ” ಎನ್ನುತ್ತಾರೆ. ಮಿಕ್ಕ ಹೊತ್ತೆಲ್ಲ ಮೇವು, ನೀರು, ಗೊರಸು ಕತ್ತರಿಸುವುದು, ಬೇಲಿ ಕಟ್ಟುವುದು. ದಿನಕ್ಕೆ ಹದಿನಾಲ್ಕು ಕಿಲೋಮೀಟರು ನಡೆಯುತ್ತಾರೆ. ಅವರ ಗಂಡ ಒಂದು ದಿನ ಅವರ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ಲೆಕ್ಕ ಹಾಕಿದ್ದು ಇದು.

ಕುರಿಗಳಿಗೂ ಪಾಠ ಹೆಚ್ಚಾಗಬಾರದು ಎನ್ನುವುದು ನನಗೆ ಹೊಸ ಸಂಗತಿ. ನಾಯಿ ಕಲಿಯುವಾಗ ಕುರಿಯೂ ಕಲಿಯುತ್ತದೆ. ದಿನಾ ಅವೇ ಕುರಿಗಳಾದರೆ ಕೆಲವೇ ವಾರಗಳಲ್ಲಿ ಅವು ನಾಯಿ ಹೊರಟ ಕೂಡಲೇ ತಾವಾಗಿಯೇ ಬಂದು ಸಿಳ್ಳಕ್ಕನ ಮೊಣಕಾಲಿಗೆ ಒರಗಿ ನಿಲ್ಲುತ್ತವೆ. ನೋಡುವವರಿಗೆ ನಾಯಿ ಬಹಳ ಜಾಣ ಎನಿಸುತ್ತದೆ. ಅದು ಕಲಿತದ್ದು ಏನೂ ಇರುವುದಿಲ್ಲ. ಅದಕ್ಕೇ ಮೂರು ವಾರಕ್ಕೊಮ್ಮೆ ಪಕ್ಕದ ಕುರಿ ಸಾಕಣೆಯವರೊಂದಿಗೆ ಹತ್ತು ಹನ್ನೆರಡು ಕುರಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ನಾಯಿಯನ್ನು ನೋಡಿಯೇ ಇರದ, ಮೊಂಡು, ಗಾಬರಿಬೀಳುವ ಕುರಿಗಳು ಅವರಿಗೆ ಇಷ್ಟ.

ಮರಿಗೆ ಹತ್ತು ತಿಂಗಳಾಗುವವರೆಗೆ ಕುರಿಯ ಹತ್ತಿರ ಬಿಡುವುದಿಲ್ಲ. ಎರಡು ವರ್ಷಕ್ಕೆ ಕೆಲಸದ ನಾಯಿ ಸಿದ್ಧ. ನಾಲ್ಕರಲ್ಲಿ ಒಂದು ಈ ಕೆಲಸಕ್ಕೆ ಆಗುವುದೇ ಇಲ್ಲ. ಕುರಿಗಳನ್ನು ಕಂಡರೆ ಅದು ಬಾಲ ಅಲ್ಲಾಡಿಸುತ್ತದೆ. ಅಂಥದ್ದು ಮಕ್ಕಳಿರುವ ಮನೆಗೆ ಹೋಗುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಎಪ್ಪತ್ತೊಂದು ನಾಯಿಗಳನ್ನು ಕೆಲಸಕ್ಕೆ ಹಚ್ಚಿದ್ದಾರೆ. ಎಲ್ಲ ಹೆಸರುಗಳೂ ನೆನಪಿವೆ. ಕೇಳಿದರೆ ಸಾಲಾಗಿ ಹೇಳುತ್ತಾರೆ, ಸತ್ತವುಗಳ ಹೆಸರಿಗೆ ದನಿ ಬದಲಿಸುವುದಿಲ್ಲ.

ಅದಕ್ಕೆ ಮುಂಚೆ ಇದೇ ಮಾರುಕಟ್ಟೆಯಲ್ಲಿ ಲಾರಿಗಳಿಂದ ಕುರಿ ಇಳಿಸಿ ದೊಡ್ಡಿಗಳಿಗೆ ತುಂಬುವ ಕೂಲಿ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಹೆದರಿದ ಹಿಂಡು ಗೇಟಿಗೆ ನುಗ್ಗಿ, ಬಲಗೈಯ ಎರಡು ಬೆರಳು ಕಬ್ಬಿಣದ ಅಗುಳಿಯಲ್ಲಿ ಸಿಕ್ಕಿ ಹೋದವು. ಸಿಳ್ಳೆ ಹಾಕುತ್ತಿದ್ದ ಬೆರಳುಗಳೇ ಅವು. ಆಸ್ಪತ್ರೆಯಿಂದ ಬಂದವರು ತಗಡಿನ ಚೂರೊಂದನ್ನು ಮಡಚಿ, ನಡುವೆ ತೂತು ಮಾಡಿ, ನಾಲಿಗೆಯ ಮೇಲಿಟ್ಟು ಊದಲು ಕಲಿತರು. ಆರು ತಿಂಗಳು ಬರಿ ಗಾಳಿ ಬರುತ್ತಿತ್ತು. “ಬೆರಳು ಹೋದ್ಮೇಲೇನೇ ಸಿಳ್ಳೆ ನೆಟ್ಟಗಾಗಿದ್ದು” ಎನ್ನುತ್ತಾರೆ. ಈಗಿನದು ಒಂಬತ್ತನೆಯ ತಗಡು.

ಸಿಳ್ಳಕ್ಕನ ಗಂಡ ದರ್ಜಿ. ನಾಯಿಗಳೆಂದರೆ ಭಯ. ಮದುವೆಯಾಗಿ ಮೂವತ್ತೈದು ವರ್ಷವಾದರೂ ಶೆಡ್ಡಿನ ಕಿಟಕಿಯ ಒಳಗಿನಿಂದಲೇ ಮಾತಾಡುತ್ತಾರೆ. ನಾಯಿಗಳಿಗೆ ಚಳಿಗಾಲದ ಅಂಗಿ, ಪಟ್ಟಿ, ಹಗ್ಗ ಎಲ್ಲ ಅವರದೇ ಹೊಲಿಗೆ. ಅಳತೆ ತೆಗೆದುಕೊಳ್ಳಲು ಮಾತ್ರ ಹೆಂಡತಿ ಬೇಕು. ಚಹಾ ಕೊಡುತ್ತ ನನಗೆ ಹೇಳಿದರು: “ಇವಳು ಮನೇಲಿ ಕೂರು ಅಂದ್ರೆ ಐದು ನಾಯಿ ಜೊತೆಗೆ ನಾನೂ ಕೂತ್ಬಿಡ್ತೀನಮ್ಮ. ಆಯ್ತು ಅನ್ನೋದನ್ನ ಮಾತ್ರ ನಂಗೆ ಹೇಳೋದೇ ಇಲ್ಲ.”

“ನಿಮ್ಮ ಕೆಲಸ ಮುಗೀಲಿ, ಹೇಳ್ತೀನಿ” ಎಂದರು ಸಿಳ್ಳಕ್ಕ ಹೊರಗಿನಿಂದ. ಚಿಟಿಕೆಯ ಅಂಗಿಗೆ ಇನ್ನೂ ಗುಂಡಿ ಬಿದ್ದಿರಲಿಲ್ಲ.

ಚಿಟಿಕೆ ಅವರ ಎಳೆಯ ನಾಯಿ, ಎರಡು ವರ್ಷದ ಹೆಣ್ಣು. ಮೂರು ವಾರಗಳ ಅಭ್ಯಾಸ ಅದಕ್ಕೂ ಮೇಷ್ಟ್ರಿಗೂ ಒಟ್ಟಿಗೆ ನಡೆಯಿತು. ಮುಂದಿದ್ದದ್ದು ಜೋಡಿ ನಾಯಿಗಳ ಪಂದ್ಯ. ಅದರ ನಿಯಮ ಹೀಗಿದೆ. ಮುನ್ನೂರು ಮೀಟರು ದೂರದಲ್ಲಿ ಆರು ಕುರಿಗಳು. ಎರಡು ನಾಯಿಗಳು ಒಂದು ಎಡದಿಂದ, ಒಂದು ಬಲದಿಂದ ಹೋಗಿ ಅವನ್ನು ಹಿಂದಿನಿಂದ ಒಟ್ಟುಮಾಡಿ ನೇರ ಗೆರೆಯಲ್ಲಿ ತರಬೇಕು. ಆಮೇಲೆ ಮೂರು ಮೂರಾಗಿ ಬೇರ್ಪಡಿಸಿ ಎರಡು ದೊಡ್ಡಿಗಳಿಗೆ ತುಂಬಬೇಕು. ದೊಡ್ಡಿಗಳಿಗೆ ಬಾಗಿಲಿಲ್ಲ. ಮೊದಲ ದೊಡ್ಡಿಯ ಬಾಯಿಗೆ ಒಂದು ನಾಯಿ ಅಡ್ಡ ಮಲಗಬೇಕು. ಅದೇ ಬಾಗಿಲು. ಇನ್ನೊಂದು ನಾಯಿ ಎರಡನೆಯದನ್ನು ತುಂಬುವವರೆಗೆ ಅದು ಕಣ್ಣನ್ನೂ ಅಲ್ಲಾಡಿಸುವಂತಿಲ್ಲ. ಎಲ್ಲಕ್ಕೂ ಸೇರಿ ಹದಿನೈದು ನಿಮಿಷ.

ಬೇರೆ ಪಂದ್ಯಗಳಲ್ಲಿ ಗೆದ್ದ ಬಟ್ಟಲುಗಳು ಶೆಡ್ಡಿನಲ್ಲಿವೆ. ಅವುಗಳಲ್ಲಿ ಮೊಳೆ, ಗುಂಡಿ, ಔಷಧಿ ಹಾಕಿಡುತ್ತಾರೆ. ಜೋಡಿ ಪಂದ್ಯಕ್ಕೆ ಆರು ಸಲ ಇಳಿದಿದ್ದಾರೆ, ಆರು ಸಲವೂ ಎರಡನೆಯ ದೊಡ್ಡಿ ತುಂಬಿಲ್ಲ. “ಗೆಲ್ಲಬೇಕು ಅಂತೇನಿಲ್ಲಮ್ಮ. ಎರಡನೇ ದೊಡ್ಡಿ ಒಂದ್ಸಲ ತುಂಬಿದ್ದು ನೋಡ್ಬೇಕು. ಬಾಗಿಲಿಗೆ ಮಲಗೋಕೆ ಮೇಷ್ಟ್ರಂಥವರು ಇನ್ನೊಬ್ಬರು ನಂಗೆ ಸಿಕ್ಕಿಲ್ಲ. ಅವರಿಗೆ ಮುಂದಿನ ವರ್ಷಕ್ಕೆ ಕಾಲು ಇರುತ್ತೋ ಇಲ್ವೋ.”

ಎಡಬಲದ ತೊಂದರೆಯನ್ನು ಅವರು ತಿದ್ದಲು ಹೋಗಲಿಲ್ಲ. ಮೂರನೆಯ ದಿನವೇ ಅದರ ಉಪಯೋಗ ಕಂಡುಕೊಂಡರು. ಎರಡು ನಾಯಿಗಳನ್ನೂ ಪಕ್ಕಪಕ್ಕ ಕೂರಿಸಿ ಒಂದೇ ಸಲ “ಸುತ್ತು” ಎಂದರು. ಚಿಟಿಕೆ ಎಡಕ್ಕೆ ಹೋಯಿತು. ಮೇಷ್ಟ್ರು ಬಲಕ್ಕೆ ಹೋದರು. ಕಲ್ಲಿಗೆ ತಾಗಿದ ನೀರು ಎರಡಾಗಿ ಹರಿದು ಆಚೆ ಕೂಡಿಕೊಳ್ಳುವ ಹಾಗೆ ಮಂಜಿನಲ್ಲಿ ಇಬ್ಬರೂ ಕುರಿಗಳ ಹಿಂದೆ ಕೂಡಿಕೊಂಡರು. ಒಂದೇ ಮಾತಿಗೆ ಎರಡು ದಾರಿ. ಇಪ್ಪತ್ತೆರಡು ವರ್ಷದಲ್ಲಿ ತಮಗೆ ಇದು ಹೊಳೆದಿರಲಿಲ್ಲ ಎಂದರು. “ಲಿಫ್ಟಿನೋರು ಹೇಳ್ಕೊಟ್ರು ನೋಡು.” ಹಾಗೆ ಹೊರಟ ಮೇಲೆ ಮೇಷ್ಟ್ರಿಗೆ ಸಿಳ್ಳೆ, ಸಿಳ್ಳೆಯನ್ನು ಇನ್ನೂ ಕಲಿಯದ ಚಿಟಿಕೆಗೆ ಅದರ ಹೆಸರು ಹಿಡಿದು ಮಾತು.

ಒಂದನ್ನು ಮಾತ್ರ ನಾನು ದಿನಾ ನೋಡುತ್ತಿದ್ದೆ. ಪಾಠ ಮುಗಿದು ಸಿಳ್ಳಕ್ಕ ‘ಆಯ್ತು’ ಎಂದಾಗ ಚಿಟಿಕೆ ಉರುಳಾಡುತ್ತದೆ. ಮೇಷ್ಟ್ರು ಬಂದು ಅವರ ಪಕ್ಕ ನಿಲ್ಲುತ್ತಾರೆ, ಆದರೆ ಮುಖ ಗೇಟಿನ ಕಡೆಗೆ. ಗೇಟು ಕಿರ್ ಎಂದರೆ ಕಿವಿ ನೆಟ್ಟಗಾಗುತ್ತದೆ. ಸಿಳ್ಳಕ್ಕನೂ ನೋಡುತ್ತಿದ್ದರು.

ಪಂದ್ಯ ಒಂದು ಭಾನುವಾರ ದೊಡ್ಡ ಬಯಲಿನಲ್ಲಿ ನಡೆಯಿತು. ಹನ್ನೊಂದು ಜೋಡಿಗಳು. ತೀರ್ಪುಗಾರರು ನಿಲ್ಲಿಸಿದ ವ್ಯಾನಿನ ಒಳಗೆ ಕೂತಿದ್ದರು. ದರ್ಜಿ ಬೇಲಿಯ ಹೊರಗೆ, ನಾಯಿಗಳಿಂದ ದೂರ, ಛತ್ರಿ ಹಿಡಿದು ನಿಂತಿದ್ದರು. ಸಿಳ್ಳಕ್ಕ ಕಂಬದ ಹಾಗೆ ನಿಂತು ಒಂದೇ ಸಲ ‘ಸುತ್ತು’ ಎಂದಾಗ ಬೇಲಿಯುದ್ದಕ್ಕೂ ಮಾತು ನಿಂತಿತು. ನನ್ನ ಗಂಡನ ತಪ್ಪು ಆ ಬಯಲನ್ನು ಎರಡು ಕಡೆಯಿಂದಲೂ ಬಳಸಿಕೊಂಡು ಹೋಯಿತು. ಕುರಿಗಳು ನೇರವಾಗಿ ಬಂದವು. ಮೂರು ಕುರಿಗಳು ಮೊದಲ ದೊಡ್ಡಿಗೆ ಹೋದವು. ಮೇಷ್ಟ್ರು ಬಾಯಿಗೆ ಅಡ್ಡ ಮಲಗಿದರು. ಚಿಟಿಕೆ ಉಳಿದ ಮೂರನ್ನು ಎರಡನೆಯದರ ಬಾಯಿಗೆ ತಂದಿತ್ತು. ಒಂದು ಕುರಿ ಒಳಗೆ, ಇನ್ನೊಂದರ ಮುಂಗಾಲು ಒಳಗೆ. ಒಂದು ನಿಮಿಷ ಇಪ್ಪತ್ತು ಸೆಕೆಂಡು ಬಾಕಿ.

ತಡವಾಗಿ ಬಂದವರು ಯಾರೋ ಬಯಲಿನ ಗೇಟು ತಳ್ಳಿದರು. ಕಿರ್ ಎಂದಿತು.

ಮೇಷ್ಟ್ರು ಏಳಲಿಲ್ಲ. ತಲೆ ಮಾತ್ರ ತಿರುಗಿಸಿ ನೋಡಿದರು. ನಾಯಿಯ ಕಣ್ಣು ಎಲ್ಲಿದೆಯೆಂದು ಕುರಿಗಳಿಗೆ ಸದಾ ಗೊತ್ತಿರುತ್ತದೆ. ಮೂರೂ ಅವರ ಮೇಲಿಂದ ಹಾರಿ ಹೊರಬಂದವು. ಅವನ್ನು ನೋಡಿ ಎರಡನೆಯ ದೊಡ್ಡಿಯವೂ ತಿರುಗಿದವು. ಆರನ್ನೂ ಮತ್ತೆ ಒಟ್ಟುಮಾಡುವಷ್ಟರಲ್ಲಿ ಗಂಟೆ ಹೊಡೆಯಿತು.

ಸಿಳ್ಳಕ್ಕ ಇಬ್ಬರನ್ನೂ ಕರೆದು, ಬಾಗಿ, ಮೊದಲು ಮೇಷ್ಟ್ರ ಕಿವಿಯ ಹಿಂದೆ ಕೆರೆದರು. ದರ್ಜಿ ಮೊದಲ ಸಲ ಬೇಲಿ ದಾಟಿ ಬಂದು ನೀರಿನ ತಟ್ಟೆ ಇಟ್ಟು, ಅಷ್ಟೇ ಬೇಗ ದಾಟಿ ಹೋದರು. ವಾಪಸ್ಸು ಬರುವಾಗ ವ್ಯಾನಿನ ಹಿಂಬದಿಯಲ್ಲಿ ಕೂತು ನಾನೇ ಕೇಳಿದೆ, ಮೇಷ್ಟ್ರು ಯಾಕೆ ನೋಡಿದರು ಎಂದು.

ಸಿಳ್ಳಕ್ಕ ಹೇಳಿದರು. ಎರವಲು ಹೋದ ನಾಯಿಯನ್ನು ಹಿಂದಿರುಗಿಸುವುದಕ್ಕೆ ಅವರಲ್ಲಿ ಒಂದು ಕ್ರಮವಿದೆ. ಕಲಿತವರು ತಾವೇ ಕರೆತಂದು, ಹಗ್ಗ ಬಿಚ್ಚಿ, ಕೊನೆಯ ಸಲ ಕುರಿಗಳ ಮೇಲೆ ಕಳಿಸಿ, ತಮ್ಮ ಬಾಯಿಂದಲೇ ‘ಆಯ್ತು’ ಎನ್ನಬೇಕು. ಹನ್ನೊಂದು ಮಂದಿಯೂ ಹಾಗೆ ಮಾಡಿದ್ದಾರೆ. “ದಿನದ ಆಯ್ತು ನಾನು ಹೇಳ್ಬೋದು. ಎರವಲಿನದು ಕರ್ಕೊಂಡು ಹೋದ ಮನೆಯೋರೇ ಹೇಳ್ಬೇಕು. ಇಲ್ಲದಿದ್ರೆ ನಾಯಿಗೆ ಕೆಲಸ ಮುಗಿಯಲ್ಲ. ಕಾಯ್ತಾ ಇರುತ್ತೆ.”

“ಮೊದಲೇ ಯಾಕಕ್ಕ ಹೇಳಲಿಲ್ಲ?”

“ಹೇಳಿದ್ರೆ ನಾಯಿ ವಾಪಸ್ಸು ಕೊಡು ಅಂತ ಕೇಳಿದ ಹಾಗಾಗ್ತಿತ್ತಲ್ಲ” ಎಂದರು.

ಮರುದಿನ ನಾಲ್ಕೂವರೆಗೆ ಉಗುರಿನ ಸದ್ದಿಗೆ ಮುಂಚೆಯೇ ಎದ್ದಿದ್ದೆ. ತಟ್ಟೆ, ಕಂಬಳಿ, ಉದುರಿದ ಕೂದಲು ತೆಗೆಯುವ ಬಾಚಣಿಗೆ, ಅರ್ಧ ಮೂಟೆ ತಿನಿಸು ಚೀಲಕ್ಕೆ ಹಾಕಿದೆ. ಅಡುಗೆಮನೆಯ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ಹೊರಟೆ.

ಹೊಲದಲ್ಲಿ ಮೊದಲ ದಿನದಷ್ಟೇ ಮಂಜು. ಆರು ಹೊಸ ಕುರಿಗಳು ದೂರದಲ್ಲಿದ್ದವು. ಸಿಳ್ಳಕ್ಕ ನನ್ನಿಂದ ಹತ್ತು ಹೆಜ್ಜೆ ಹಿಂದೆ ನಿಂತರು. ಎಡಕ್ಕೆ ಕಳಿಸು ಎಂದರು. ಹಗ್ಗ ಬಿಚ್ಚಿದೆ. ಸರಿಯಾದ ಮಾತು ನನಗೆ ಗೊತ್ತಿತ್ತು.

“ಆಚೆ” ಎಂದೆ.

ಮೇಷ್ಟ್ರು ಎಡಕ್ಕೆ ಹೊರಟರು. ಅಗಲವಾದ ಸುತ್ತು ಹಾಕಿ ಹೋಗುತ್ತ ಹೋಗುತ್ತ ಮಂಜಿನಲ್ಲಿ ಕಾಣದಾದರು. ಕುರಿಗಳೂ ಕಾಣಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಹೊಲದಲ್ಲಿ ಏನೂ ಇರಲಿಲ್ಲ, ಬಿಳುಪಿತ್ತು ಅಷ್ಟೆ. ಆಮೇಲೆ ಬೆನ್ನುಗಳು ಕಾಣಿಸಿದವು, ಒಂದು, ಮೂರು, ಆರು. ಅವು ನನ್ನ ಮುಂದೆ ಬಂದು ನಿಂತವು. ಅವುಗಳ ನಡುವಿನಿಂದ ಮೇಷ್ಟ್ರು ನನ್ನನ್ನು ನೋಡುತ್ತಿದ್ದರು.

ಹಗ್ಗವನ್ನು ಕೈಗೆ ಸುತ್ತಿಕೊಂಡೆ. ಸಿಳ್ಳಕ್ಕ ಅವಸರ ಮಾಡಲಿಲ್ಲ.

“ಆಯ್ತು” ಎಂದೆ.

ಮೇಷ್ಟ್ರು ಎದ್ದು, ಮೂಗಿನಿಂದ ಬಾಲದವರೆಗೆ ಮೈ ಒಮ್ಮೆ ಕೊಡವಿಕೊಂಡು, ನನ್ನ ಪಕ್ಕದಿಂದ ಹಾದು ಹೋಗಿ ಸಿಳ್ಳಕ್ಕನ ಎಡಗಡೆ ಕೂತರು. ಹಿಂದೆ ಶೆಡ್ಡಿಗೆ ಹಾಲಿನವನು ಬಂದು ಗೇಟು ಕಿರ್ ಎಂದಿತು. ಅವರು ತಿರುಗಲಿಲ್ಲ.

ಮುಂದಿನ ತಿಂಗಳು ಹೊಸಬರೊಬ್ಬರು ಕಲಿಯಲು ಬರುತ್ತಾರಂತೆ, ಬೇಕರಿ ನಡೆಸುವ ಹೆಂಗಸು. ಅಷ್ಟರಲ್ಲಿ ಮೇಷ್ಟ್ರ ಎಡಬಲ ನೆಟ್ಟಗಾಗಬೇಕು, ಇಲ್ಲದಿದ್ದರೆ ಆಕೆಗೆ ತಪ್ಪು ಪಾಠವಾಗುತ್ತದೆ. “ತಿದ್ದೋಕೆ ಎರಡು ವಾರ ಸಾಕು. ನಾಳೆಯಿಂದ ಶುರು ಮಾಡ್ತೀನಿ” ಎಂದ ಸಿಳ್ಳಕ್ಕ, ಮೇಷ್ಟ್ರ ಕಡೆ ನೋಡಿ ಹೇಳಿದರು: “ಇವತ್ತೊಂದಿನ ಹಾಗೇ ಇರ್ಲಿ.”

ಆ ಬೆಳಿಗ್ಗೆ ಅವರು ತಗಡಿನ ಸಿಳ್ಳೆಯನ್ನು ಜೇಬಿನಿಂದ ತೆಗೆಯಲಿಲ್ಲ. ಮೇಷ್ಟ್ರನ್ನು ಬಾಯಿಮಾತಿನಲ್ಲೇ ನಡೆಸಿದರು. ಎಡಕ್ಕೆ ಹೋಗಬೇಕಾದಾಗ ‘ಆಚೆ’ ಎಂದರು, ಬಲಕ್ಕೆ ಹೋಗಬೇಕಾದಾಗ ‘ಸುತ್ತು’ ಎಂದರು. ಹತ್ತು ನಿಮಿಷ ಪೂರ್ತಿ ಒಮ್ಮೆಯೂ ತಪ್ಪಲಿಲ್ಲ. ನಾನು ಹಗ್ಗವನ್ನು ಶೆಡ್ಡಿನ ಮೊಳೆಗೆ ತೂಗುಹಾಕಿ ಬಂದೆ.